ಹೂಂ ಅನ್ನುವವರಿಲ್ಲದ ಊರು

ಅಂಗಡಿಯ ಕೌಂಟರು

ಮೂವತ್ತು ವರ್ಷದಿಂದ ದಿನಕ್ಕೆ ಮೂರು ನಾಲ್ಕು ಸಲ ಇಂಗ್ಲಿಷರನ್ನು ಸೋಲಿಸುತ್ತ ಬಂದವನು ನಾನು. ಕಿತ್ತೂರಿನ ಕೋಟೆಯಲ್ಲಿ ಗೈಡ್ ಕೆಲಸ. ನಮ್ಮ ರಾಣಿ ಅವರನ್ನು ಹೇಗೆ ಹೊಡೆದು ಅಟ್ಟಿದಳೆಂದು ಬಿಸಿಲಲ್ಲಿ ನಿಂತು ಹೇಳುವುದೇ ನನ್ನ ಹೊಟ್ಟೆಪಾಡು. ಆಮೇಲೆ ನಾವು ಸೋತ ಭಾಗವನ್ನು ಸ್ವಲ್ಪ ಬೇಗ ಬೇಗ ಹೇಳಿ ಮುಗಿಸುತ್ತೇನೆ. ಇಂಥ ನಾನು ಇಂಗ್ಲೆಂಡಿಗೆ ಹೊರಟಿದ್ದೇನೆಂದು ಗೊತ್ತಾದಾಗ ಕೋಟೆಯ ಮುಂದಿನ ಚಹಾದಂಗಡಿಯವನು, 'ಹುಷಾರ್ರಿ ಯಜಮಾನ್ರ, ಅಲ್ಲಿ ನಿಮ್ಮ ಬಾಯಿ ಬಿಚ್ಚಬ್ಯಾಡ್ರಿ, ವಾಪಸ್ ಕಳಸಂಗಿಲ್ಲ' ಅಂದ.

ಬಾಯಿ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಅದೇ ಈ ಪ್ರವಾಸದ ಕಥೆ.

ಕರೆಸಿಕೊಂಡವಳು ಗೌರಿ, ಬೈಲಹೊಂಗಲದಲ್ಲಿರುವ ನನ್ನ ತಂಗಿಯ ಮಗಳು. ಯಾರ್ಕ್ ಎಂಬ ಹಳೆಯ ಊರಿನ ಆಸ್ಪತ್ರೆಯಲ್ಲಿ ನರ್ಸ್. 'ಮಾವ, ಬರೇ ಕಿತ್ತೂರ ಕೋಟಿ ಸುತ್ತಿ ಸುತ್ತಿ ಸವದೀರಿ, ಇಲ್ಲೀದೂ ಒಂದ್ ನೋಡ ಬರ್ರಿ' ಎಂದು ಟಿಕೆಟ್ ಕಳಿಸಿದಳು. ನನ್ನ ಹೆಂಡತಿ ಕಸ್ತೂರಿಗೂ ಕರೆ ಇತ್ತು. ಕಟಕೋಳದ ಹೆಣ್ಣುಮಗಳು ಅವಳು, ಬಸ್ಸಿನಲ್ಲಿ ಸವದತ್ತಿ ಮುಟ್ಟುವಷ್ಟರಲ್ಲಿ ತಲೆ ತಿರುಗುತ್ತದೆ. 'ಅಷ್ಟೊತ್ತ ಗಾಳ್ಯಾಗ ಕುಂಡ್ರಾಕ ನಾ ಏನ್ ಹಕ್ಕಿ ಏನ್ರಿ?' ಎಂದು ಹೇಳಿ, ಶೇಂಗಾ ಹೋಳಿಗೆಯ ಒಂದು ಕಟ್ಟು ಚೀಲಕ್ಕೆ ತುರುಕಿ, ನನ್ನನ್ನು ಒಬ್ಬನನ್ನೇ ಕಳಿಸಿದಳು.

ಹೊರಡುವ ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ಹುಬ್ಬಳ್ಳಿಯ ಒಂದು ಕಂಪನಿಯಿಂದ ಮಹಾಂತೇಶ ಎಂಬ ಹುಡುಗ ಬಂದಿದ್ದ, ಸವದತ್ತಿಯ ಕಡೆಯವನು. ಕೋಟೆಯಲ್ಲಿ ಅಲ್ಲಲ್ಲಿ ಫಲಕ ಹಾಕುತ್ತಾರಂತೆ. ಬಂದವರು ಅದಕ್ಕೆ ಫೋನು ಹಿಡಿದರೆ ಕಿವಿಯಲ್ಲಿ ಕಥೆ ಬರುತ್ತದಂತೆ. ಆ ಕಥೆ ನನ್ನ ದನಿಯಲ್ಲಿ ಇರಬೇಕಂತೆ. 'ನಿಮ್ಮಂಗ ಯಾರೂ ಹೇಳಂಗಿಲ್ರಿ ಸರ್. ಅದರಾಗೂ ಆ ಅರಮನಿ ಕಿಂಡಿ ಕಥಿ!' ಅಂದ. ನನಗೆ ಎದೆ ಉಬ್ಬಿತು. ರಾತ್ರಿ ಮಲಗಿದಾಗ ಅದೇ ಎದೆ ಡವಗುಟ್ಟಿತು. ದನಿ ಕೊಟ್ಟ ಮೇಲೆ ನನ್ನನ್ನು ಯಾರು ಕರೆಯುತ್ತಾರೆ? ಕೊಡದಿದ್ದರೆ ಕೋಟೆಯನ್ನೇ ನೋಡದ ಯಾವನೋ ಓದುತ್ತಾನೆ. ಶನಿವಾರದೊಳಗೆ ಹೂಂ ಅಥವಾ ಇಲ್ಲ ಅನ್ನಬೇಕಿತ್ತು. ನಾನು ಯಾರ್ಕಿನಲ್ಲಿ ಎದ್ದ ಮೊದಲ ಬೆಳಗು ಗುರುವಾರದ್ದು.

ಗೌರಿ ನಸುಕಿನಲ್ಲೇ ಡ್ಯೂಟಿಗೆ ಹೋಗಿದ್ದಳು. ಮೇಜಿನ ಮೇಲೆ ಚೀಟಿ ಬರೆದಿಟ್ಟಿದ್ದಳು: ಹಳೇ ಊರಿನಲ್ಲಿ ಒಂದು ಅಂಗಡಿ ಐತಿ, ಕಿವಿಯಾಗ ಹೇಳೋ ಮಷೀನು ಕೊಡತಾರ, ನೀವ ನಿಮ್ಮಷ್ಟಕ್ಕ ನಡಕೋತ ನೋಡಬಹುದು, ಅಲ್ಲಿ ನಿಮ್ಮ ಹೆಸರು ಹೇಳೇನಿ. ಓದಿ ನಕ್ಕೆ. ಗೈಡನಿಗೇ ಗೈಡಿಲ್ಲದ ತಿರುಗಾಟ! ಆದರೆ ನೋಡಿಯೇ ಬಿಡೋಣ ಅನ್ನಿಸಿತು. ನಾಳೆ ನನ್ನ ಅನ್ನಕ್ಕೆ ಕೈ ಹಾಕುವ ಮಷೀನು ಎಂಥದೆಂದು ಇಂದೇ ತಿಳಿದರೆ ಶನಿವಾರ ಉತ್ತರ ಕೊಡಲು ಅನುಕೂಲ.

ಅಂಗಡಿಯಲ್ಲಿದ್ದ ನರೆಗೂದಲಿನ ಹೆಂಗಸು ಕೊರಳಿಗೆ ತೂಗುಹಾಕುವ ಒಂದು ಡಬ್ಬಿ, ಕಿವಿಗೆ ಸಿಕ್ಕಿಸುವ ವೈರು, ಒಂದು ನಕಾಶೆ ಕೊಟ್ಟಳು. ನಕಾಶೆಯಲ್ಲಿ ನಂಬರುಗಳು; ಆಯಾ ಜಾಗದಲ್ಲಿ ನಿಂತು ಡಬ್ಬಿಯ ಮೇಲಿನ ಅದೇ ನಂಬರು ಒತ್ತಬೇಕು. ಅಷ್ಟೇ. ಯಾವ ದೇಶದವನು, ಊಟ ಆಯಿತೇ, ಏನೊಂದೂ ಕೇಳಲಿಲ್ಲ.

ಗೋಡೆಯ ಮೇಲೆ

ಊರಿನ ಸುತ್ತ ಕೋಟೆಗೋಡೆ, ಅದರ ಮೇಲೆ ಜನ ನಡೆಯುವ ದಾರಿ. ಒಂದನೇ ನಂಬರು ಒತ್ತಿದೆ. ಒಬ್ಬ ಮುದುಕನ ದನಿ ಕಿವಿಯೊಳಗೆ ಬಂತು. ತನ್ನ ಹೆಸರು ಹೆರಾಲ್ಡ್ ಎಂದ. 'ಬನ್ನಿ, ನಿಧಾನವಾಗಿ ಹತ್ತಿ, ನನಗೂ ಮೊಣಕಾಲು ನೋವು' ಎಂದ. ನನ್ನ ಇಂಗ್ಲಿಷು ಬಂದ ಪ್ರವಾಸಿಗಳಿಂದ ಕಲಿತದ್ದು, ಚೂರುಪಾರು. ಆದರೂ ಇವನ ಮಾತು ಪೂರಾ ತಿಳಿಯಿತು, ಯಾಕೆಂದರೆ ಕಸುಬು ಗೊತ್ತಿದ್ದವನು. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತಿದ್ದ. ದೊಡ್ಡ ರಾಜನ ಹೆಸರು ಹೇಳುವ ಮುಂಚೆ ಒಂದು ಅಡಿಗೆಭಟ್ಟನ ಸುದ್ದಿ ಹೇಳಿ ನಗಿಸುತ್ತಿದ್ದ. ಅರೇ, ಇದು ನನ್ನ ಪಟ್ಟು ಅಲ್ಲವೇ!

ನಮ್ಮ ಕಡೆ ಒಬ್ಬರು ಕಥೆ ಹೇಳುವಾಗ ಕೇಳುವವರಲ್ಲಿ ಒಬ್ಬರು ಹೂಂ ಅನ್ನಲೇಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, 'ಮಲಗಿದೇನು?' ಎಂದು ಹೇಳುವವನು ಗದರುತ್ತಾನೆ. ಕೋಟೆಯಲ್ಲಿಯೂ ನಾನು ಗುಂಪಿನಲ್ಲಿ ಒಬ್ಬ ಹೂಂ ಅನ್ನುವವನನ್ನು ಮೊದಲು ಹುಡುಕಿಕೊಳ್ಳುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ. ಮನೆಯಲ್ಲಿ ಹೊಸದಾಗಿ ಏನಾದರೂ ಹೇಳುವುದಿದ್ದರೆ ಕಸ್ತೂರಿ ರೊಟ್ಟಿ ಬಡಿಯುವಾಗ ಎದುರು ಕೂತು ಹೇಳುತ್ತೇನೆ. ಅವಳು ರೊಟ್ಟಿಯ ಕಡೆಯೇ ಕಣ್ಣಿಟ್ಟು ಹೂಂ, ಹೂಂ ಅನ್ನುತ್ತಾಳೆ.

ಆ ರೂಢಿ ಸುಮ್ಮನಿರುತ್ತದೆಯೇ? ಹೆರಾಲ್ಡ್ ಹೇಳಿದಂತೆಲ್ಲ ನಾನು ಹೂಂ ಅನ್ನುತ್ತ ನಡೆದೆ, ಗಟ್ಟಿಯಾಗಿಯೇ. ಎದುರು ಬಂದ ಹೆಂಗಸೊಬ್ಬಳು ಮಗುವನ್ನು ಆ ಕಡೆ ಸರಿಸಿಕೊಂಡಳು. ಮುಜುಗರವಾಯಿತು. ಸರಿ, ಬಾಯಿ ಮುಚ್ಚಿ ನೋಡೋಣವೆಂದು ತುಟಿ ಬಿಗಿಹಿಡಿದೆ. ಹೆರಾಲ್ಡ್ ನಿಲ್ಲಲಿಲ್ಲ. ಹೇಳುತ್ತಲೇ ಇದ್ದ. ನಾನು ಮಲಗಿದೆನೋ, ಸತ್ತೆನೋ, ಗೋಡೆಯಿಂದ ಕೆಳಗೆ ಬಿದ್ದೆನೋ ಅವನಿಗೆ ಏನೂ ಆಗಬೇಕಿರಲಿಲ್ಲ.

ಇಕ್ಕಟ್ಟಿನ ಓಣಿ

ಗೋಡೆಯಿಂದ ಇಳಿದ ಮೇಲೆ ನಕಾಶೆ ಕೈ ಕೊಟ್ಟಿತು. ನಿಜ ಹೇಳಬೇಕೆಂದರೆ ನಾನೇ ಅದನ್ನು ತಲೆಕೆಳಗೆ ಹಿಡಿದಿದ್ದೆ. ಎತ್ತರದ ಗಂಟೆಗೋಪುರವನ್ನು ನೋಡಿ ಎಂದು ಹೆರಾಲ್ಡ್ ಭಕ್ತಿಯಿಂದ ಹೇಳುತ್ತಿದ್ದಾಗ ನಾನು ಒಂದು ಹಾಸಿಗೆ ಅಂಗಡಿಯ ಗಾಜಿನ ಮುಂದೆ ನಿಂತಿದ್ದೆ. ಒಳಗಿನ ಹುಡುಗಿ ಗಿರಾಕಿ ಬಂತೆಂದು ನಗುತ್ತ ಬಾಗಿಲು ತೆರೆದಳು. ಸಾರಿ ಎಂದು ಓಡಿದೆ.

ಆ ಊರಿನವರ ಬಾಯಲ್ಲೂ ಮಾತೆತ್ತಿದರೆ ಸಾರಿ. ಜನಜಂಗುಳಿಯಲ್ಲಿ ನಾನು ಒಬ್ಬ ದಪ್ಪ ಮನುಷ್ಯನ ಕಾಲು ತುಳಿದೆ, ಅವನೇ ನನಗೆ ಸಾರಿ ಕೇಳಿದ. ನಮ್ಮ ಬೈಲಹೊಂಗಲದ ಸಂತೆಯಲ್ಲಿ ಕಾಲು ತುಳಿದಿದ್ದರೆ 'ಕಣ್ಣ ಎಲ್ಲಿಟ್ಟೀಯೋ' ಎಂದು ಶುರುವಾಗಿ, ಯಾವ ಊರು, ಯಾರ ಪೈಕಿ ಎಂದು ಬೆಳೆದು, ಕೊನೆಗೆ ಇಬ್ಬರೂ ಕೂಡಿ ಚಹಾ ಕುಡಿಯುವ ಹೊತ್ತಿಗೆ ಬೀಗರೇ ಆಗಿಬಿಡುತ್ತಿದ್ದೆವು. ಇಲ್ಲಿ ಸಾರಿ ಅಂದರೆ ಮಾತು ಮುಗಿಯಿತು ಎಂದರ್ಥ.

ಮಾತನಾಡುವುದೇ ಇಲ್ಲವೆಂದಲ್ಲ, ನಾಯಿಗಳ ಜೊತೆ ಬಹಳ ಮಾತನಾಡುತ್ತಾರೆ. ಒಂದು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕ ಬಂದು ಕೂತು ತನ್ನ ನಾಯಿಗೆ ಅಂದಿನ ಹವೆ, ಮೊಣಕೈ ನೋವು, ಮಗಳ ಹೊಸ ಮನೆ ಎಲ್ಲವನ್ನೂ ಹೇಳಿದ. ನನ್ನ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದ, ಅಷ್ಟೇ. ನಾನು ಚೀಲದಿಂದ ಹೋಳಿಗೆ ತೆಗೆದು ಮುರಿದು ತಿಂದೆ. ಒಬ್ಬನೇ ಕೂತು ಹೋಳಿಗೆ ತಿಂದದ್ದು ಜನ್ಮದಲ್ಲಿ ಅದೇ ಮೊದಲು. ಬಹಳ ಕೆಟ್ಟದೆನಿಸಿತು. ದಿನಕ್ಕೆ ನೂರು ಮಂದಿಯ ಜೊತೆ ಮಾತನಾಡುವವನಿಗೆ ಆ ಬೆಂಚಿನ ಮೇಲೆ ಕಿವಿಯೊಳಗಿನ ಹೆರಾಲ್ಡನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಅವನೇ ನನ್ನ ಜೊತೆಗಾರನಾದ. ಮಹಡಿಗಳು ಬೀದಿಯ ಮೇಲೆ ಬಾಗಿ ಒಂದಕ್ಕೊಂದು ಹಣೆ ತಾಗಿಸುವಂಥ ಒಂದು ಓಣಿಯಲ್ಲಿ, ನಮ್ಮ ಕಡೆಯ ಹೂಲಿ ಊರಿನ ಓಣಿಗಳೇ ಇದಕ್ಕಿಂತ ಅಗಲ ಕಣಯ್ಯಾ ಎಂದು ಅವನಿಗೆ ಹೇಳಿದೆ. ಒಂದು ಏರಿನಲ್ಲಿ ಅವನು ಕೆಮ್ಮಿದ. 'ನೀರು ಕುಡಿ ಮಾರಾಯಾ' ಅಂದೆ. ಹಿಂತಿರುಗಿ ಹೋದಾಗ ಅವನು ಎಲ್ಲಿದ್ದಾನೆಂದು ಅಂಗಡಿಯಲ್ಲಿ ಕೇಳಿ, ಉಳಿದ ಹೋಳಿಗೆ ಅವನ ಕೈಗಿಡಬೇಕೆಂದು ನಿಶ್ಚಯಿಸಿದೆ. ಕಥೆ ಕೇಳಿ, ಹೇಳಿದವನ ಬಾಯಿ ಸಿಹಿ ಮಾಡದೆ ಎದ್ದು ಹೋಗುವುದು ನಮ್ಮಲ್ಲಿ ಇಲ್ಲ.

ಸವೆದ ಮೆಟ್ಟಿಲು

ಹದಿನಾಲ್ಕನೇ ನಂಬರು ಒಂದು ಸಂದಿಯೊಳಗಿನ ಹಳೆಯ ಬಾಗಿಲು. ಮುಂದೆ ಒಂದು ಕಲ್ಲಿನ ಮೆಟ್ಟಿಲು, ಅದರಲ್ಲಿ ಪಾದದಳತೆಯ ಎರಡು ತಗ್ಗು. ಹೆರಾಲ್ಡನ ದನಿ ತಗ್ಗಿತು. ಹಿಂದೆ ಊರಿಗೆ ದೊಡ್ಡ ರೋಗ ಬಂದಾಗ ಈ ಮನೆಯ ತಾಯಿ, ಹೊರಗೆ ಹೋದ ಮಗ ಬರುತ್ತಾನೆಂದು ದಿನಾ ಇದೇ ಮೆಟ್ಟಿಲ ಮೇಲೆ ನಿಂತು ಕಾದಳಂತೆ. ಅವಳ ಪಾದದ ಗುರುತು ಇದು ಎಂದ. ಆಮೇಲೆ ಏನೂ ಹೇಳದೆ ಸುಮ್ಮನಾದ.

ನನ್ನ ಕಣ್ಣು ತುಂಬಿತು. ಕಸುಬಿನ ಪಟ್ಟುಗಳೆಲ್ಲ ಗೊತ್ತಿದ್ದವನೇ ಅತ್ತುಬಿಟ್ಟೆ ನೋಡಿ. ಬೂಟು ಕಳಚಿಟ್ಟು, ಬಗ್ಗಿ ಆ ತಗ್ಗನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಸಂದಿಯ ಬಾಯಲ್ಲಿ ನಿಂತಿದ್ದ ಇಬ್ಬರು ಹುಡುಗಿಯರು ನನ್ನ ಫೋಟೋ ತೆಗೆದರು. ತೆಗೆಯಲಿ. ಬರಿಗಾಲಿಗೆ ಕಲ್ಲು ಹಿಮದಂತೆ ಕೊರೆಯುತ್ತಿತ್ತು.

ಮತ್ತೆ ಅಂಗಡಿ

ಡಬ್ಬಿ ಮರಳಿಸಿ, ಹೋಳಿಗೆಯ ಕಟ್ಟು ಕೌಂಟರಿನ ಮೇಲಿಟ್ಟು, 'ಇದು ಹೆರಾಲ್ಡರಿಗೆ. ಒಮ್ಮೆ ಅವರನ್ನು ಭೇಟಿಯಾಗಬೇಕು' ಅಂದೆ. ಹೆಂಗಸು ನನ್ನ ಮುಖ ನೋಡಿದಳು. ಹೆರಾಲ್ಡ್ ತೀರಿಕೊಂಡು ನಾಲ್ಕು ಚಳಿಗಾಲವಾಯಿತು ಎಂದಳು.

ಹಾಗಾದರೆ ಬೆಳಗಿನಿಂದ ನಾನು ಯಾರಿಗೆ ಹೂಂ ಅಂದೆ? ಅವಳೇ ಒಂದು ಕುರ್ಚಿ ಎಳೆದು ಕೂಡಿಸಿದಳು. ನಾನೂ ಗೈಡ್, ನನ್ನ ದನಿಯನ್ನೂ ಕೇಳಿದ್ದಾರೆ, ನಾಡಿದ್ದು ಉತ್ತರ ಹೇಳಬೇಕು ಎಂದು ಒಂದೇ ಉಸಿರಿಗೆ ಒದರಿದೆ. ಅವಳಿಗೆ ಆಗ ಮಾತು ಬಂತು. ಆ ದಿನ ನನ್ನ ಜೊತೆ ಕೂತು ಮಾತನಾಡಿದವಳು ಅವಳೊಬ್ಬಳೇ.

ದನಿ ಕೊಟ್ಟ ಎರಡು ವರ್ಷದ ಮೇಲೆ ಹೆರಾಲ್ಡನಿಗೆ ಒಂದು ಸಂಗತಿ ಗೊತ್ತಾಯಿತಂತೆ. ಆ ಸವೆದ ಮೆಟ್ಟಿಲು ಆ ಮನೆಯದೇ ಅಲ್ಲ. ಮನೆ ರಿಪೇರಿ ಮಾಡಿಸಿದವರು ಬೇರೆಲ್ಲಿಯದೋ ಕಲ್ಲು ತಂದು ಕೂಡಿಸಿದ್ದು. ತಾಯಿಯ ಕಥೆಯನ್ನು ಅವನು ಯಾರದೋ ಬಾಯಲ್ಲಿ ಕೇಳಿ ನಂಬಿ ಹೇಳಿದ್ದ. ತೆಗೆದುಬಿಡಿ ಎಂದು ಕೇಳಿಕೊಂಡ. ಜನ ಅದಕ್ಕೇ ಬರುತ್ತಾರೆ ಎಂದು ಅಂಗಡಿಯ ಯಜಮಾನರು ತೆಗೆಯಲಿಲ್ಲ. ಆಮೇಲೆ ಸಾಯುವವರೆಗೆ ಮಧ್ಯಾಹ್ನ ಆ ಸಂದಿಯಲ್ಲಿ ಹೋಗಿ ನಿಲ್ಲುತ್ತಿದ್ದನಂತೆ. ಬಂದವರಿಗೆಲ್ಲ, ನೀವು ಕೇಳುತ್ತಿರುವುದು ತಪ್ಪು, ಆ ದನಿ ನನ್ನದೇ, ತಪ್ಪೂ ನನ್ನದೇ ಎಂದು ಹೇಳುತ್ತಿದ್ದನಂತೆ.

'ಜನ ಏನನ್ನುತ್ತಿದ್ದರು?' ಎಂದು ಕೇಳಿದೆ.

'ಕಿವಿಯಲ್ಲಿ ವೈರು ಇರುತ್ತಿತ್ತಲ್ಲ' ಎಂದಳು ಅವಳು. 'ಏನೋ ಬೇಡುತ್ತಿದ್ದಾನೆಂದು ತಿಳಿದು, ನಕ್ಕು, ಮುಂದೆ ಹೋಗುತ್ತಿದ್ದರು.'

ಹೋಳಿಗೆಯನ್ನು ನೀವಾದರೂ ತಿನ್ನಿರಿ ಎಂದು ಮುಂದೆ ಸರಿಸಿದೆ. ಇದರಲ್ಲಿ ಶೇಂಗಾ ಇದೆಯೇ ಎಂದು ಕೇಳಿದಳು. ಶೇಂಗಾ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ ಎಂದೆ. ಶೇಂಗಾ ತಿಂದರೆ ಅವಳಿಗೆ ಉಸಿರು ಕಟ್ಟುತ್ತದಂತೆ. ಎದೆಯ ಮೇಲೆ ಕೈಯಿಟ್ಟು ಸಾರಿ ಎಂದಳು. ಕಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಹೊಳೆಯ ದಂಡೆ

ಊರ ನಡುವೆ ಒಂದು ಹೊಳೆ. ಸವದತ್ತಿಯ ಹತ್ತಿರದ ನಮ್ಮ ಮಲಪ್ರಭೆಯಷ್ಟು ಕೆಂಪಲ್ಲ, ಒಂಥರಾ ಕಪ್ಪು. ದಂಡೆಯ ಮೇಲೆ ಕೂತೆ. ಇಲ್ಲಿ ನಾನು ಓದುವವರ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು. ಹೆರಾಲ್ಡ್ ಕೇಳಿದ್ದನ್ನು ನಂಬಿ ಹೇಳಿದ. ನಾನು ಹಾಗಲ್ಲ.

ನಮ್ಮ ಅರಮನೆಯ ಪಾಳುಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಒಂದು ಕಿಂಡಿ ಇದೆ. ಅದು ನಿಜ. ಕೋಟೆ ಬಿಡುವ ಹಿಂದಿನ ರಾತ್ರಿ ರಾಣಿ ಆ ಕಿಂಡಿಗೆ ಕಣ್ಣಿಟ್ಟು, ತೀರಿಹೋದ ಮಗನನ್ನು ಮೂರು ಸಲ ಕರೆದಳೆಂದು ನಾನು ಹೇಳುತ್ತೇನೆ. ಅದು ಸುಳ್ಳು. ನಾನೇ ಕಟ್ಟಿದ್ದು. ಕೆಲಸಕ್ಕೆ ಬಂದ ಹೊಸತರಲ್ಲಿ ರಾಮದುರ್ಗದ ಕಡೆಯ ಒಂದು ಸಾಲೆಯ ಮಕ್ಕಳು ಬಂದಿದ್ದರು, ಒಂದೇ ಗದ್ದಲ. ಸುಮ್ಮನಾಗಿಸಲು ಬಾಯಿಗೆ ಬಂದದ್ದು ಹೇಳಿದೆ. ಮಕ್ಕಳು ಗಪ್ಪಾದರು. ಬಾಯಿ ಸೋತಿದ್ದ ಮಾಸ್ತರರೂ ಕಣ್ಣೊರೆಸಿಕೊಂಡರು. ಮರುದಿನವೂ ಅದನ್ನೇ ಹೇಳಿದೆ. ಹೇಳಿ ಹೇಳಿ, ಒಮ್ಮೊಮ್ಮೆ ಆ ಕರೆ ನನಗೇ ಕೇಳಿಸುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಹೆಸರಿನಲ್ಲಿ ಮೂವತ್ತು ವರ್ಷ ಚಪ್ಪಾಳೆ ಗಿಟ್ಟಿಸಿದ್ದೇನೆ.

ಕಸ್ತೂರಿಗೆ ಫೋನು ಹಚ್ಚಿದೆ. ಅಲ್ಲಿ ರಾತ್ರಿಯೂಟದ ಹೊತ್ತು, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

'ಉಂಡ್ರ್ಯಾ?' ಅಂದಳು. ದಿನವಿಡೀ ಯಾರೂ ಕೇಳದ ಪ್ರಶ್ನೆ. ಉತ್ತರ ಕೊಡುವುದು ಬಿಟ್ಟು ಚೀಲದೊಳಗಿನ ಹೋಳಿಗೆಯ ಕಟ್ಟು ತಡವುತ್ತ ಕೂತೆ. 'ಏನಾತ್ರಿ? ಗೌರಿ ಅದಾಳಿಲ್ಲೋ?'

'ಡ್ಯೂಟಿಗೆ ಹೋಗ್ಯಾಳ. ಕಸ್ತೂರಿ, ಒಂದು ಹೇಳತೇನಿ, ಬೈಬ್ಯಾಡ. ಆ ಕಿಂಡಿ ಕಥಿ ಐತೆಲ್ಲ, ರಾಣಿ ಮಗನ್ನ ಕರದದ್ದು. ಅದು ಖರೇ ಅಲ್ಲ. ನಾ ಕಟ್ಟಿದ್ದದು.'

ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. 'ಗೊತ್ತೈತ್ರಿ' ಅಂದಳು.

'ಯಾರ ಹೇಳಿದ್ರು ನಿನಗ?'

'ಯಾರ ಯಾಕ ಹೇಳಬೇಕ್ರಿ? ನೀವು ಖರೇ ಹೇಳುವಾಗ ಅಲ್ಲಲ್ಲಿ ತಡವರಸ್ತೀರಿ. ಅದನ್ನ ಮಾತ್ರ ಒಂದ ಅಕ್ಷರ ತಪ್ಪಲಾರದ ಹೇಳತೀರಿ. ಮದಿವ್ಯಾದ ವರ್ಷ ಮೊದಲ ಸಲ ಹೇಳಿದಾಗ ತಿಳದಿತ್ತು. ಇವತ್ತಿನ ತನಕ ಆ ಮಾತಿಗೆ ನಾ ಹೂಂ ಅಂದೇ ಇಲ್ಲ. ನೀವು ಲಕ್ಷ್ಯ ಕೊಟ್ಟಿಲ್ಲ.'

ನಿಜವಾಗಿಯೂ ನಾನು ಗಮನಿಸಿರಲಿಲ್ಲ. ಕಥೆ ಹೇಳುವ ಅಮಲಿನಲ್ಲಿ, ಎದುರಿಗೆ ಕೂತ ಹೆಂಡತಿ ಪ್ರತಿ ಸಲ ಅದೇ ಜಾಗದಲ್ಲಿ ಸುಮ್ಮನಾಗುವುದು ನನಗೆ ತಿಳಿಯಲೇ ಇಲ್ಲ.

'ನೀ ಯಾಕ ಬಾಯಿ ಬಿಟ್ಟ ಹೇಳಲಿಲ್ಲ?'

'ನೀವು ಭಾಳ ಖುಷಿಲೆ ಹೇಳತಿದ್ರಿ' ಅಂದಳು. ಆಮೇಲೆ, 'ನಾ ಒಬ್ಬಾಕಿ ಸುಳ್ಳ ಅಂದರ ಏನಾಗತೈತಿ ಬಿಡ್ರಿ, ಊರ ಮಂದಿ ಎಲ್ಲಾ ಹೂಂ ಅನ್ನುವಾಗ' ಅಂದಳು. ಬೇಸರವಿತ್ತು ಆ ದನಿಯಲ್ಲಿ. ಇಡೀ ದಿನ ನಾನು ಒಬ್ಬಂಟಿಯೆಂದು ಕೊರಗಿದ್ದೆ. ಅವಳು ಮೂವತ್ತು ವರ್ಷ ಒಲೆಯ ಮುಂದೆ ಒಬ್ಬಳೇ ಈ ಸುಳ್ಳನ್ನು ಕಾದುಕೊಂಡು ಕೂತಿದ್ದಳು. ನಾಚಿಕೆಯಿಂದ ನೆಲ ಸೇರಿಹೋದೆ.

ಶನಿವಾರದವರೆಗೆ ಕಾಯುವ ಧೈರ್ಯವಾಗಲಿಲ್ಲ. ಮನಸ್ಸು ಬದಲಾದರೆ? ಅಲ್ಲಿಂದಲೇ ಮಹಾಂತೇಶನಿಗೆ ಫೋನು ಮಾಡಿದೆ. ಸರ್, ಸರ್ ಎಂದು ಕುಣಿದಾಡಿದ. ಸ್ಟುಡಿಯೋ ಗೊತ್ತು ಮಾಡಲೇ ಎಂದು ಕೇಳಿದ.

'ದನಿ ಕೊಡತೇನಿ' ಅಂದೆ. 'ಎಲ್ಲಾ ಕಥಿ ಹೇಳತೇನಿ. ಆದರ ಕಿಂಡಿ ಕಥಿ ಹೇಳಂಗಿಲ್ಲ. ಕಿಂಡಿ ಐತಿ, ಅದರಾಗ ಚುಕ್ಕಿ ಕಾಣತೈತಿ, ಅಷ್ಟ. ರಾಣಿ ಕರದ್ಲು ಅನ್ನೂದು ನಾ ಹುಟ್ಟಿಸಿದ ಸುಳ್ಳು.'

ಹುಡುಗ ಸಿಟ್ಟಿಗೆದ್ದನೇನೋ, ಇನ್ನು ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡೆ. ಹೋಗಲಿ. ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಸುಳ್ಳೆಂದು ಗಟ್ಟಿಯಾಗಿ ಇಬ್ಬರಿಗೆ ಹೇಳಿದ್ದೆ, ಎದೆ ಹಗುರಾಗಿತ್ತು.

ಮಹಾಂತೇಶ ಜೋರಾಗಿ ನಕ್ಕ.

'ಏ, ಚೇಷ್ಟಿ ಮಾಡಬ್ಯಾಡ್ರಿ ಸರ್' ಅಂದ. 'ನೀವ್ ಹೆಂಗ ಹುಟ್ಟಸ್ತೀರಿ? ನಾ ಸಣ್ಣಾವಿದ್ದಾಗ ನಮ್ಮ ಅಜ್ಜಿ ಹೇಳತಿದ್ಲು ಆ ಕಥಿ. ಆಕಿಗೆ ಆಕಿ ಅವ್ವ ಹೇಳಿದ್ಲಂತ.'